ಹಗ್ಗ ಬಿಚ್ಚಿ ಬಾವಿಗೆ ಬಿಟ್ಟೆವು

ನಮ್ಮ ಊರು ಸೊಲ್ಲಾಪುರ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ನಲ್ಲಿಯಲ್ಲಿ ನೀರು ಬರುವುದೇ ನಡುವೆ ಕೆಲವು ದಿನ ಬಿಟ್ಟು. ಬಂದ ದಿನ ಇಡೀ ಓಣಿ ಕೊಡ, ಬಕೀಟು ಹಿಡಿದು ಓಡಾಡುತ್ತದೆ. ಇಂಥ ಊರಿನಲ್ಲಿ ಕೂತು, ನೀರಿನೊಳಗೆ ತಾನೇ ದಾರಿ ಹುಡುಕಿಕೊಂಡು ತಿರುಗುವ ವಾಹನ ಮಾಡುತ್ತೇನೆ ಎಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಪಕ್ಕದಲ್ಲಿ ಅವ್ವ ಇದ್ದರೆ ಅವ್ವನ ಮುಖ ನೋಡುತ್ತಾರೆ.

ಅವ್ವ ಇದಕ್ಕೊಂದು ಸುಲಭದ ಉತ್ತರ ಕಂಡುಕೊಂಡಿದ್ದಳು. “ನಮ್ಮಾಕಿ ನೀರಾಗ ಇಳಿಯೋ ಮಷೀನ ಮಾಡ್ತಾಳ್ರಿ” ಎಂದುಬಿಡುತ್ತಿದ್ದಳು. ಹಾಗೆ ಹೇಳಿದ್ದರ ಫಲವನ್ನು ನಾನು ಉಂಡೆ. ಅಕ್ಕಲಕೋಟ ತಾಲೂಕಿನಲ್ಲಿ ನಮ್ಮ ಬೀಗರು ಬಿಜ್ಜರು ಎಷ್ಟು ಜನ ಇದ್ದಾರೋ ಅಷ್ಟೂ ಜನರ ಮೋಟಾರುಗಳು ಆ ವರ್ಷ ಸುಟ್ಟವು. “ಯವ್ವಾ, ಬೋರಿನ್ಯಾಗಿಂದು ಮೋಟಾರ ಎತ್ತೀವಿ, ವೈಂಡಿಂಗ್ ಹೋಗ್ಯದ ಅಂತಾರ, ನೀನ ಒಂದೀಟ ನೋಡಿ ಹೇಳು” ಎಂದು ಫೋನ್ ಬರುತ್ತಿತ್ತು. ಮೊದಮೊದಲು ವಿವರಿಸಿ ಹೇಳುತ್ತಿದ್ದೆ. ಆಮೇಲೆ ಸುಮ್ಮನೆ ನವಿ ಪೇಠದ ಹತ್ತಿರ ವೈಂಡಿಂಗ್ ಮಾಡುವ ಒಬ್ಬರ ಹೆಸರು ಹೇಳಿ ಕಳಿಸತೊಡಗಿದೆ. ಅವರಿಗೆ ನನ್ನಿಂದ ಒಳ್ಳೆಯ ವ್ಯಾಪಾರವಾಯಿತು.

ಹಾಗೆ ನೋಡಿದರೆ ಅವ್ವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ನಾನು ಕೆಲಸ ಮಾಡುವ, ಊರಾಚೆಯ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಶೆಡ್ಡಿನ ಮಾಲೀಕರು ವರ್ಷಗಟ್ಟಲೆ ಬೋರ್‌ವೆಲ್ ಪಂಪು ಮಾಡಿದವರು. ನಾವು ಅವರನ್ನು ಸರ್ ಎನ್ನುತ್ತೇವೆ. ತಿರುಗುವ ಕಡ್ಡಿಯೊಂದು ನೀರಿನೊಳಗೆ ಇದ್ದೂ ಒಳಗಿನ ತಂತಿಗೆ ಒಂದು ಹನಿ ತಾಗದಂತೆ ಕಾಯುವುದು ಅವರ ಕಸುಬು. ಆ ಕಸುಬು ಕೈಯಲ್ಲಿದ್ದ ಮೇಲೆ ಒಂದೇ ಕಡೆ ನಿಂತು ನೀರೆತ್ತುವ ಯಂತ್ರವನ್ನೇ ಜೀವನವಿಡೀ ಯಾಕೆ ಮಾಡಬೇಕು, ನೀರಿನಲ್ಲಿ ಓಡಾಡುವುದನ್ನೂ ಮಾಡೋಣ ಎಂದು ಅವರ ತಲೆಗೆ ಬಂತು. ಆಣೆಕಟ್ಟಿನ ಗೋಡೆ ಬಿರುಕು ಬಿಟ್ಟಿದೆಯೇ, ದೊಡ್ಡ ಕೊಳವೆಯ ಬಾಯಿಗೆ ಹೂಳು ಕಟ್ಟಿದೆಯೇ ಎಂದು ಮನುಷ್ಯರನ್ನು ಇಳಿಸಿ ನೋಡುವ ಬದಲು ಒಂದು ಯಂತ್ರವೇ ಹೋಗಿ ನೋಡಿ ಬರಬೇಕು. ಅದು ಅವರ ಆಸೆ.

ಕೆಲಸಕ್ಕೆ ಸೇರಲು ಹೋದಾಗ ಅವರು ನನಗೆ ಕೇಳಿದ್ದು ಒಂದೇ ಪ್ರಶ್ನೆ. ಮರಾಠಿಯಲ್ಲಿ ಕೇಳಿದರು. ನೀರಿನೊಳಗೆ ರೇಡಿಯೋ ಹೋಗುವುದಿಲ್ಲ, ಹಾಗಿದ್ದ ಮೇಲೆ ಒಳಗೆ ಹೋದ ಯಂತ್ರಕ್ಕೆ ಮನೆಗೆ ಬಾ ಎಂದು ನೀನು ಹೇಗೆ ಹೇಳುತ್ತೀ? ನಾನು, “ಹೇಳುವುದು ಬೇಡ ಸರ್, ಅದಕ್ಕೇ ಗೊತ್ತಾಗಬೇಕು” ಎಂದೆ. ಅವರು ನಕ್ಕು ಚಹಾ ತರಿಸಿದರು.

ಹೇಳಿದ್ದು ಸುಲಭ, ಮಾಡುವುದು ಸುಲಭವಾಗಿರಲಿಲ್ಲ. ನಮ್ಮ ಕೈಯ ಫೋನಿಗೆ ನಾವು ಯಾವ ಚೌಕದಲ್ಲಿ ನಿಂತಿದ್ದೇವೆ ಎಂದು ಗೊತ್ತಾಗುವುದು ಆಕಾಶದ ಉಪಗ್ರಹಗಳಿಂದ. ನೀರಿನ ಕೆಳಗೆ ಒಂದು ಮೊಳ ಹೋದರೆ ಸಾಕು, ಆ ಸಂಬಂಧ ಕಡಿದುಹೋಗುತ್ತದೆ. ಅಲ್ಲಿ ದೂರ ಹೋಗುವುದು ಶಬ್ದ ಮಾತ್ರ. ಆದ್ದರಿಂದ ನಮ್ಮ ಯಂತ್ರ ಟಿಕ್ ಟಿಕ್ ಎಂದು ಸಪ್ಪಳ ಮಾಡುತ್ತದೆ, ಅದು ಗೋಡೆಗೆ ಬಡಿದು ತಿರುಗಿ ಬರುವುದನ್ನು ಕೇಳುತ್ತದೆ, ಕೇಳಿದ್ದರಿಂದ ಗೋಡೆ ಎಲ್ಲಿದೆ ಎಂದು ಮನಸ್ಸಿನಲ್ಲೇ ಚಿತ್ರ ಬರೆದುಕೊಳ್ಳುತ್ತದೆ. ಕತ್ತಲಲ್ಲಿ ಹೊಸ ಮನೆಯೊಳಗೆ ಕೈ ಸವರುತ್ತಾ ಹೋಗುವವರ ಹಾಗೆ. ಚಿತ್ರ ಬರೆಯುತ್ತಲೇ ಆ ಚಿತ್ರದಲ್ಲಿ ತಾನು ಎಲ್ಲಿದ್ದೇನೆ ಎಂದೂ ತಿಳಿದುಕೊಳ್ಳಬೇಕು, ಎಡವಟ್ಟಾದರೆ ಏನು ಮಾಡಬೇಕು ಎಂದು ತಾನೇ ತೀರ್ಮಾನಿಸಬೇಕು. ಅದರ ತಲೆಯೊಳಗಿನ ಈ ಕೆಲಸ ನನ್ನದು.

ಅದರ ಮೈಯ ಕೆಲಸ ಅವನದು.

ಅವನು ನನಗಿಂತ ಸ್ವಲ್ಪ ತಡವಾಗಿ ಸೇರಿದ. ಎತ್ತರದವನು, ಕಡಿಮೆ ಮಾತಿನವನು, ಅಂಗಿಯ ತೋಳನ್ನು ಯಾವಾಗಲೂ ಮೊಣಕೈಯವರೆಗೆ ಮಡಚಿಕೊಂಡಿರುವವನು. ರಬ್ಬರಿನ ಉಂಗುರಗಳಿಗೆ ಗ್ರೀಸು ಸವರಿ, ಯಂತ್ರದ ಎರಡು ಭಾಗ ಕೂಡುವಲ್ಲಿ ಕೂರಿಸಿ, ನೀರು ಒಳಗೆ ಬರದಂತೆ ಬಿಗಿಯುವುದು ಅವನ ಕೆಲಸ. ಸೋರುತ್ತದೆಯೋ ಇಲ್ಲವೋ ನೋಡಲು ಅವನದೊಂದು ಸರಳ ಉಪಾಯವಿತ್ತು: ಒಳಗೆ ಒಂದು ತುಂಡು ಟಿಶ್ಯೂ ಕಾಗದ ಇಟ್ಟು ಮುಚ್ಚುತ್ತಿದ್ದ. ತೊಟ್ಟಿಯಲ್ಲಿ ಮುಳುಗಿಸಿ ತೆಗೆದ ಮೇಲೆ ಬಿಚ್ಚಿ, ಆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ನನ್ನ ಕಡೆ ನೋಡಿ, “ಕೋರಡಾ ಆಹೇ” ಎನ್ನುತ್ತಿದ್ದ. ಒಣಗಿದೆ ಎಂದರ್ಥ. ಅಷ್ಟು ಹೇಳುವಾಗ ಅವನ ಒಂದು ಕೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು.

ಕೆಲವು ತಿಂಗಳಲ್ಲಿ ನನ್ನ ಸ್ಥಿತಿ ಏನಾಯಿತೆಂದರೆ, ಆ ಒಂದು ಮಾತು ಕೇಳುವುದಕ್ಕಾಗಿ ಸುಮ್ಮಸುಮ್ಮನೆ ಯಂತ್ರ ಬಿಚ್ಚಿಸತೊಡಗಿದೆ. ಒಳಗೊಂದು ತಂತಿ ಸಡಿಲಾಗಿರಬಹುದು ಎನ್ನುತ್ತಿದ್ದೆ. ಬ್ಯಾಟರಿ ನೋಡಬೇಕು ಎನ್ನುತ್ತಿದ್ದೆ. ಬಿಚ್ಚಿ, ಮತ್ತೆ ಮುಚ್ಚಿ, ಮತ್ತೆ ಮುಳುಗಿಸಿ, ಮತ್ತೆ ಬಿಚ್ಚಿ ಅವನು ಕಾಗದ ಎತ್ತಿ ಹಿಡಿಯುವ ಹೊತ್ತಿಗೆ ನಾನು ಕೆಲಸ ಬಿಟ್ಟು ಅವನ ಮುಂದೆ ಬಂದು ನಿಂತಿರುತ್ತಿದ್ದೆ. ಒಣ ಕಾಗದ ನೋಡಿ ಅಷ್ಟು ಖುಷಿಪಟ್ಟ ಹುಡುಗಿ ಸೊಲ್ಲಾಪುರ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಾರಳು.

ಆದರೆ ಅವನು ಮರಾಠಿಯವನು. ಕೆಲಸಕ್ಕೆ ಸೇರಿದ ದಿನದಿಂದ ನಮ್ಮ ಮಾತೆಲ್ಲ ಮರಾಠಿಯಲ್ಲಿ, ಬಹುವಚನದಲ್ಲಿ, ಅಂತರ ಇಟ್ಟು. ನಮ್ಮ ಮನೆಯಲ್ಲಿ ಆಡುವುದು ಕನ್ನಡ. ನಾನು ನಾಲ್ಕನೆಯ ತರಗತಿಯವರೆಗೆ ಕನ್ನಡ ಸಾಲಿಗೆ ಹೋದವಳು, ಅದರ ಬಲದ ಮೇಲೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ನನಗೆ ಗಂಡು ನೋಡುವ ವಿಷಯದಲ್ಲಿ ಅವ್ವ ಬೇರೆ ಯಾವುದಕ್ಕೂ ಹಟ ಮಾಡಿರಲಿಲ್ಲ, ಒಂದಕ್ಕೆ ಮಾತ್ರ ಮಾಡಿದ್ದಳು. “ಕನ್ನಡ ಓದಾಕ ಬರದಿದ್ರೂ ನಡೀತದ. ಮನ್ಯಾಗ ಮಾತಾಡೋದು ಕನ್ನಡ ಇರಬೇಕು. ನಾಳೆ ಗಂಡಾ ಹೆಂಡ್ತಿ ಜಗಳಾಡ್ತೀರಿ, ಯಾವ ಭಾಷಾದಾಗ ಆಡ್ತೀರಿ? ಪರ ಭಾಷಾದಾಗ ಜಗಳಾಡಿದ್ರ ಸಮಾಧಾನ ಆಗಂಗಿಲ್ಲ” ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಮರುದಿನ ಬೆಳಿಗ್ಗೆ ಚಿಂಚೋಳಿಗೆ ಹೋಗಿ ಮತ್ತೆ ಯಂತ್ರ ಬಿಚ್ಚಿಸುತ್ತಿದ್ದೆ.

ಯಂತ್ರ ಒಂದು ಹಂತಕ್ಕೆ ಬಂತು. ಹಳದಿ ಬಣ್ಣ, ತೋಳಿನಷ್ಟು ಉದ್ದ, ಹಿಂದೆ ಒಂದು ಪುಟ್ಟ ಪಂಖ. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಭೋಪಳಾ ಎನ್ನುತ್ತಿದ್ದರು, ಸೋರೆಕಾಯಿ ಎಂದು. ಅಲ್ಲಿಯವರೆಗೆ ಅದು ಈಜಿದ್ದೆಲ್ಲ ಪಂಪು ಪರೀಕ್ಷೆಯ ಹಳೆಯ ಸಿಮೆಂಟು ತೊಟ್ಟಿಯಲ್ಲಿ, ಅದೂ ಹೊಟ್ಟೆಗೆ ಒಂದು ಹಗ್ಗ ಕಟ್ಟಿಕೊಂಡು. ತೊಟ್ಟಿ ಸಣ್ಣದು, ಒಂದು ಟಿಕ್ ಎಂದರೆ ನಾಲ್ಕೂ ಕಡೆಯಿಂದ ಪ್ರತಿಧ್ವನಿ ಬಂದು ಅದರ ತಲೆ ಕೆಡುತ್ತಿತ್ತು. ಆಣೆಕಟ್ಟಿಗೆ ಒಯ್ಯುವ ಮೊದಲು ಒಮ್ಮೆ ನಿಜವಾದ ಆಳದ ನೀರಿನಲ್ಲಿ, ಹಗ್ಗವಿಲ್ಲದೆ ಬಿಟ್ಟು ನೋಡಬೇಕು ಎಂದು ಸರ್ ಹೇಳಿದರು. ನನ್ನ ಸೋದರಮಾವನ ಹೊಲದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿ ಇದೆ, ಈ ಸಲದ ಮಳೆಗೆ ತುಂಬಿ ನಿಂತಿದೆ ಎಂದು ನಾನೇ ಬಾಯಿ ಹಾಕಿದೆ. ಮಾವನಿಗೆ ಫೋನ್ ಮಾಡಿ ಬಾವಿ ಒಳಗೆ ಹೇಗಿದೆ ಎಂದು ಕೇಳಿದರೆ, “ಬಾವಿ ಹ್ಯಾಂಗ ಇರ್ತದವಾ, ಬಾವಿ ಹಂಗ ಅದ, ಬರ್ರಿ” ಎಂದ.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಸರ್ ಗಾಡಿ ಓಡಿಸುತ್ತಿದ್ದರು. ಯಂತ್ರವನ್ನು ದಪ್ಪ ಸೊಲ್ಲಾಪುರ ಚಾದರದಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಮಲಗಿಸಿದ್ದೆವು. ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಮಗ್ಗಗಳ ಖಟಖಟ ಹಿಂದೆ ಬಿದ್ದ ಮೇಲೆ ಎರಡೂ ಕಡೆ ತೊಗರಿ, ಕಬ್ಬು. ರಸ್ತೆಯ ಗುಂಡಿ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೇ ಯಂತ್ರದ ಮೇಲೆ ಕೈ ಇಡುತ್ತಿದ್ದೆವು. ಆ ರಸ್ತೆಯನ್ನು ಯಾರೂ ದುರಸ್ತಿ ಮಾಡದಿರಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ.

ಹೊಲದಲ್ಲಿ ಮಾವ ಧೋತರ ಉಟ್ಟು, ಟೋಪಿ ಹಾಕಿ, ಮದುವೆಗೆ ನಿಂತವನಂತೆ ನಿಂತಿದ್ದ. ಅತ್ತೆ ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ತೆಂಗಿನಕಾಯಿ. ಅಕ್ಕಪಕ್ಕದ ಹೊಲದವರು ಹತ್ತು ಹದಿನೈದು ಜನ ಬಾವಿಯ ದಂಡೆಯಲ್ಲಿ ಕೂತಿದ್ದರು. ಯಾರ ಮೋಟಾರೂ ಸುಡದೆ ಅವರಿಗೆ ನನ್ನ ನೆನಪಾದದ್ದು ಅದೇ ಮೊದಲು. ಚಾದರ ಬಿಚ್ಚಿದಾಗ ಮಾವ ಬಗ್ಗಿ ಬಗ್ಗಿ ನೋಡಿ ಹೇಳಿದ: “ನಾವು ಸಣ್ಣವರಿದ್ದಾಗ ಬೆನ್ನಿಗಿ ಒಣಾ ಸೋರಿಬುರಡಿ ಕಟ್ಟಿ ಇದ ಬಾವ್ಯಾಗ ಈಸ ಕಲಿಸ್ತಿದ್ರು. ಈಗ ನೋಡಿದ್ರ ಬುರಡೀನ ಈಸಾಕ ಹೊಂಟದ.”

ಅತ್ತೆ ಕುಂಕುಮ ಹಚ್ಚಲು ನೇರವಾಗಿ ಯಂತ್ರದ ಮೂತಿಗೆ ಕೈ ಹಾಕಿದಳು. ಅದು ಶಬ್ದ ಕೇಳುವ ಜಾಗ. ಅವನು ಗಾಬರಿಯಾಗಿ ಮರಾಠಿಯಲ್ಲಿ ಬಲು ಮೆತ್ತಗೆ, ಹಿಂದಿನ ಕಡೆ ಹಚ್ಚಿದರೆ ನಡೆಯುತ್ತದೆಯೇ ಎಂದು ಕೇಳಿದ. ಅತ್ತೆ ಬಾಲಕ್ಕೆ ಕುಂಕುಮ ಹಚ್ಚಿದಳು. ಆಮೇಲೆ ನನ್ನನ್ನು ಬೇವಿನ ಮರದ ನೆರಳಿಗೆ ಎಳೆದುಕೊಂಡು ಹೋಗಿ, ಅವನು ಮೂರು ಮಾರು ದೂರದಲ್ಲಿ ಕೂತು ಉಂಗುರಕ್ಕೆ ಗ್ರೀಸು ಸವರುತ್ತಿದ್ದಾಗಲೇ ಶುರುಮಾಡಿದಳು.

“ಈ ಹುಡುಗ ಯಾರ?”

“ನಮ್ಮ ಆಫೀಸಿನ್ಯಾಂವ.”

“ಚಂದ ಅದಾನಲ್ಲ. ಮಾತೂ ಮೆತ್ತಗ. ಲಗ್ನ ಆಗ್ಯದೇನು?”

“ಇಲ್ಲ ಅತ್ತಿ.”

“ಮತ್ತ ನಿಮ್ಮವ್ವ ಎಲ್ಲಿ ಕಣ್ಣ ಮುಚ್ಕೊಂಡು ಕುಂತಾಳ?”

ಹೊಲದ ಗಾಳಿಯೋ, ತುಂಬಿದ ಬಾವಿಯೋ, ಅವನಿಗೆ ಈ ಮಾತು ತಿಳಿಯುವುದಿಲ್ಲ ಎಂಬ ಧೈರ್ಯವೋ, ನನ್ನ ಬಾಯಿಗೆ ಬೀಗವೇ ಇರಲಿಲ್ಲ. “ಮರಾಠಿಯಾಂವ ಅತ್ತಿ, ಏನ ಮಾಡ್ತಿ. ಕನ್ನಡದಾಂವ ಇದ್ದಿದ್ರ ನಾನ ಕೈ ಹಿಡದು ಎಳಕೊಂಡ ಬಂದು ನಿಮ್ಮ ಮುಂದ ನಿಲ್ಲಿಸ್ತಿದ್ದೆ. ಅವನ ಕೆನ್ನಿ ಮ್ಯಾಲಿನ ಗುಳಿ ನೋಡೀರೇನು?” ಎಂದೆ.

ಅತ್ತೆ ಕತ್ತು ಉದ್ದ ಮಾಡಿ ಗುಳಿ ಹುಡುಕಿದಳು. ಅಷ್ಟರಲ್ಲಿ ಅವನ ಕೈಯ ರಬ್ಬರುಂಗುರ ಜಾರಿ ಮಣ್ಣಿಗೆ ಬಿತ್ತು. ಅವನ ಕೈಯಿಂದ ಉಂಗುರ ಬಿದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದನ್ನು ಒರೆಸಿ, ತೊಳೆದು, ಮತ್ತೆ ಗ್ರೀಸು ಸವರುವಷ್ಟೂ ಹೊತ್ತು ಅವನು ತಲೆ ಎತ್ತಲಿಲ್ಲ. ಬಿಸಿಲಿಗೆ ಕಿವಿ ಕೆಂಪಾಗಿವೆ ಎಂದುಕೊಂಡೆ.

ಯಂತ್ರವನ್ನು ಮೆಟ್ಟಿಲ ಮೇಲಿನಿಂದ ನೀರಿಗೆ ಇಳಿಸಿದೆವು. ಮೊದಲ ಸುತ್ತು ಹಗ್ಗ ಕಟ್ಟಿಯೇ ಬಿಟ್ಟೆವು, ಸರಿಯಾಗಿ ಹೋಗಿ ಬಂತು. ಎರಡನೆಯದಕ್ಕೆ ಸರ್ ನಮ್ಮಿಬ್ಬರ ಮುಖ ನೋಡಿ ತಲೆಯಾಡಿಸಿದರು. ಅವನು ಹಗ್ಗ ಬಿಚ್ಚಿದ. ಹಳದಿ ಬೆನ್ನು ಹಸಿರು ನೀರಿನಲ್ಲಿ ಮೊದಲು ಮಸುಕಾಯಿತು, ಆಮೇಲೆ ಇಲ್ಲವಾಯಿತು. ಬಾವಿಯ ಗೋಡೆ ಸುತ್ತಿ, ಚಿತ್ರ ಬರೆದುಕೊಂಡು, ಮೆಟ್ಟಿಲ ಬಳಿ ನಾವು ಇಳಿಬಿಟ್ಟಿದ್ದ ಕಂಬಿಯ ತೊಟ್ಟಿಲಿಗೆ ತಾನೇ ತಿರುಗಿ ಬಂದು ಕೂರಬೇಕು. ನಡುನಡುವೆ ಸಪ್ಪಳದ ಮೂಲಕವೇ ಚಿಕ್ಕ ಸುದ್ದಿ ಕಳಿಸುತ್ತದೆ: ಇಷ್ಟು ಆಳದಲ್ಲಿದ್ದೇನೆ, ಬ್ಯಾಟರಿ ಇಷ್ಟಿದೆ. ಆ ಸುದ್ದಿ ನನ್ನ ಲ್ಯಾಪ್‌ಟಾಪಿನ ಮೇಲೆ ಒಂದೊಂದು ಸಾಲಾಗಿ ಬೀಳುತ್ತಿತ್ತು. ನಾನು ಓದಿ ಹೇಳುತ್ತಿದ್ದೆ, ದಂಡೆಯ ಮೇಲಿನವರು ಕ್ರಿಕೆಟ್ ಸ್ಕೋರು ಕೇಳಿದಂತೆ ಕೇಳುತ್ತಿದ್ದರು.

ಒಂದು ಸಾಲಿನ ನಂತರ ಮುಂದಿನದು ಬರಲಿಲ್ಲ.

ಕಾದೆವು. ತೊಟ್ಟಿಲು ಖಾಲಿ. ಬರಬೇಕಾದ ಹೊತ್ತು ದಾಟಿತು. ಆಗ ಬಾವಿಯ ಆ ಬದಿಯಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. ಅವನ ಮುಖ ಬಿಳಿಚಿತು. ಗುಳ್ಳೆ ಎಂದರೆ ಒಳಗಿನ ಗಾಳಿ ಹೊರಗೆ ಬರುತ್ತಿದೆ, ನೀರು ಒಳಗೆ ಹೋಗುತ್ತಿದೆ. ಅಂದರೆ ಮಣ್ಣಿಗೆ ಬಿದ್ದ ಆ ಉಂಗುರ. ದಂಡೆಯ ಮೇಲಿನವರು ತಲೆಗೊಂದು ಸಲಹೆ ಕೊಡತೊಡಗಿದರು. ಒಬ್ಬರು ಗಾಳ ತರುತ್ತೇನೆ ಎಂದರು, ಒಬ್ಬರು ಮೋಟಾರು ಹಚ್ಚಿ ಬಾವಿಯನ್ನೇ ಖಾಲಿ ಮಾಡೋಣ ಎಂದರು. ಅವನು ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದು ಇಳಿದು ಮೊಣಕಾಲು ನೀರಿಗೆ ಹೋಗಿ, ಇನ್ನೂ ಒಂದು ಮೆಟ್ಟಿಲು ಕೆಳಗೆ ಕಾಲಿಟ್ಟ.

ಮಾವ ಮೇಲಿಂದ ಕೂಗಿದ. ಅತಿಥಿಯೆಂದು ತನಗೆ ಬರುವಷ್ಟು ಮರಾಠಿಯಲ್ಲೇ ಕೂಗಿದ: “ತುಮ್ಹಾಲಾ ಪೋಹತಾ ಯೇತಂ ಕಾ?” ಈಜಲು ಬರುತ್ತದೆಯೇ ಎಂದು.

ಅವನು ನೀರಿನಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟ. “ಇಲ್ರಿ ಮಾಮಾ, ನನಗ ಈಸಾಕ ಬರಂಗಿಲ್ರಿ.”

ಬಾವಿಯ ಕಲ್ಲುಗೋಡೆ ಆ ಮಾತನ್ನು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿತು. ಬರಂಗಿಲ್ರಿ.

ಮಾವನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. “ಹಂಗಾರ ಮ್ಯಾಲ ಬಾ ತಮ್ಮಾ, ಅಲ್ಲಿ ಪಾಚಿ ಅದ” ಎಂದ. ಆದರೆ ನನ್ನ ಪಕ್ಕದಲ್ಲಿದ್ದ ಅತ್ತೆಯ ಕೈ ನಿಧಾನಕ್ಕೆ ಬಂದು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು.

“ಏನಂದ ಅಂವ?” ಎಂದು ಅತ್ತೆ ಪಿಸುಗುಟ್ಟಿದಳು.

“ಈಸಾಕ ಬರಂಗಿಲ್ಲ ಅಂದ.”

“ಯಾವ ಭಾಷಾದಾಗ ಅಂದ?”

ಬೇವಿನ ನೆರಳಿನಲ್ಲಿ ಆಡಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು: ಎಳಕೊಂಡ ಬಂದು ನಿಲ್ಲಿಸ್ತಿದ್ದೆ, ಕೆನ್ನಿ ಮ್ಯಾಲಿನ ಗುಳಿ. ಮೆಟ್ಟಿಲ ಮೇಲೆ ಅವನಿಗೂ ಅದೇ ಹೊತ್ತಿಗೆ ತಾನು ಏನು ಹೇಳಿಬಿಟ್ಟೆ ಎಂದು ಹೊಳೆದಿರಬೇಕು. ತಿರುಗಿ ಮೇಲೆ ನೋಡಿದ. ನಮ್ಮಿಬ್ಬರ ಕಣ್ಣು ಕೂಡಿದವು. ಲಕ್ಷಗಟ್ಟಲೆ ಬೆಲೆಯ ಯಂತ್ರ ಬಾವಿಯ ತಳದಲ್ಲಿ ಎಲ್ಲಿದೆಯೋ ಗೊತ್ತಿಲ್ಲ, ನನಗೆ ನಗು ಬಂತು. ತಡೆದಷ್ಟೂ ಉಕ್ಕಿತು. ಸೆರಗಿಲ್ಲದ್ದಕ್ಕೆ ಓಢಣಿಯನ್ನು ಬಾಯಿಗೆ ತುರುಕಿಕೊಂಡೆ. ಅವನೂ ಅಲ್ಲೇ ನೀರಿನಲ್ಲಿ ನಿಂತು, ಮುಖಕ್ಕೆ ಕೈ ಮುಚ್ಚಿಕೊಂಡು, ಭುಜ ಕುಣಿಸುತ್ತಾ ನಗುತ್ತಿದ್ದ.

ಕನ್ನಡ ಬಾರದ ಸರ್ ಒಬ್ಬರೇ ಕಂಗಾಲಾಗಿದ್ದರು. “ಕಾಯ್ ಝಾಲಂ? ಸಾಪಡಲಂ ಕಾ?” ಏನಾಯಿತು, ಸಿಕ್ಕಿತೇ ಎಂದು ಕೇಳಿದರು.

“ನಾಹೀ ಸರ್,” ಎಂದೆ.

“ಮಗ ಹಸತಾಯ್ ಕಶಾಲಾ?” ಮತ್ತೆ ನಗುವುದು ಯಾಕೆ ಎಂದು ಅವರ ಪ್ರಶ್ನೆ. ನನಗೆ ಬಿಕ್ಕಳಿಕೆ ಹತ್ತಿತು.

ಬಿಕ್ಕಳಿಕೆಯ ನಡುವೆಯೇ ಪರದೆಯ ಮೇಲೆ ಒಂದು ಸಾಲು ಬಿತ್ತು. ಆಮೇಲೆ ಇನ್ನೊಂದು. ಬ್ಯಾಟರಿ ಕಡಿಮೆ, ಆಳ ಕಡಿಮೆಯಾಗುತ್ತಿದೆ. ನಾನು ಅದನ್ನು ಓದಿ ಮುಗಿಸುವ ಮೊದಲೇ ದಂಡೆಯ ಮೇಲಿನವರು ಎದ್ದು ನಿಂತರು. ಬಾವಿಯ ಆ ಬದಿಯಿಂದ ಹಳದಿ ಬೆನ್ನೊಂದು ನೀರಿನ ಮೇಲೆ ಬಂದು, ಎಲ್ಲರನ್ನೂ ಒಮ್ಮೆ ನೋಡುವಂತೆ ನಿಂತು, ಸಾವಕಾಶವಾಗಿ ಮೆಟ್ಟಿಲ ಕಡೆಗೆ ಬಂತು. ಅವನ ಮೊಣಕಾಲಿಗೆ ಮೂತಿ ತಾಗಿಸಿ ನಿಂತಿತು. ಬಾಲದ ಕುಂಕುಮ ಅರ್ಧ ಉಳಿದಿತ್ತು.

ಆಗಿದ್ದೇನು ಎಂದು ಆಮೇಲೆ ಅದು ಬರೆದುಕೊಂಡ ಚಿತ್ರ ನೋಡಿ ತಿಳಿಯಿತು. ಬಾವಿಯ ಗೋಡೆಯಲ್ಲಿ ಹಿಂದಿನ ಕಾಲದ ಒಂದು ಕಲ್ಲಿನ ಕಮಾನು ಇತ್ತು, ಆ ವರ್ಷದ ನೀರಿನಲ್ಲಿ ಪೂರ್ತಿ ಮುಳುಗಿತ್ತು. ನಮ್ಮ ಸೋರೆಕಾಯಿ ಅದನ್ನು ದಾರಿ ಎಂದುಕೊಂಡು ಒಳಗೆ ಹೋಗಿತ್ತು. ಕಲ್ಲು ಅಡ್ಡ ಬಂದು ಅದರ ಸಪ್ಪಳ ನಮಗೆ ಮುಟ್ಟಲಿಲ್ಲ. ಪಂಖ ಕೆದಕಿದ ರಾಡಿಯಿಂದ ಗುಳ್ಳೆ ಎದ್ದಿದ್ದವು. ಹೊತ್ತು ಮೀರಿದ್ದರಿಂದ ಅದು ಪಂಖ ನಿಲ್ಲಿಸಿ ಮೇಲೆ ತೇಲಲು ನೋಡಿತ್ತು, ತಲೆ ಕಮಾನಿಗೆ ತಾಗಿತ್ತು. ತೇಲುತ್ತಿದ್ದೇನೆ, ಆದರೂ ಮೇಲೆ ಬಂದಿಲ್ಲ, ಹಾಗಿದ್ದರೆ ನೆತ್ತಿಯ ಮೇಲೆ ಏನೋ ಇದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು: ಇಷ್ಟನ್ನು ಅದೇ ಯೋಚಿಸಿ ತೀರ್ಮಾನಿಸಿತ್ತು. ಹಾಗೆ ಯೋಚಿಸಲು ಅದಕ್ಕೆ ಕಲಿಸಿದವಳು ನಾನೇ, ಆದರೆ ಕಂಪ್ಯೂಟರಿನೊಳಗಿನ ಸುಳ್ಳು ನೀರಿನಲ್ಲಿ ಮಾತ್ರ ಕಲಿಸಿದ್ದೆ. ಸರ್ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದರು. ಕಮಾನಿನ ಒಂದೊಂದು ಕಲ್ಲೂ ಕಾಣುವಂತಿತ್ತು. ಮಾವ ಮಾತ್ರ, “ಹೌದಲ್ಲ, ಅಲ್ಲೊಂದು ಕಮಾನ ಅದ, ನನಗ ಮರ್ತ ಹೋಗಿತ್ತು” ಎಂದ, ಚಹಾಕ್ಕೆ ಸಕ್ಕರೆ ಮರೆತವನ ಹಾಗೆ.

ಅವನು ಯಂತ್ರ ಬಿಚ್ಚಿದ. ಒಳಗಿನ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಕಡೆ ನೋಡಿದ. ಬಾಯಿ ತೆರೆದ, ಮುಚ್ಚಿದ, ಆಮೇಲೆ ಹೇಳಿದ: “ಒಣಗ್ಯದ.”

ಮತ್ತೆ ಬಿಕ್ಕಳಿಕೆ ಶುರುವಾಯಿತು.

ಊಟಕ್ಕೆ ಕೂತಾಗ ಅತ್ತೆ ಅವನ ಎದುರಿಗೇ ಕೂತು, ಬಿಸಿ ರೊಟ್ಟಿ ಹಾಕುತ್ತಾ, ಶೇಂಗಾ ಚಟ್ನಿಯ ಮೇಲೆ ಮೊಸರು ಸುರಿಯುತ್ತಾ, ಒಂದೊಂದೇ ಕೇಳಿ ತಿಳಿದುಕೊಂಡಳು. ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವನು. ಅಪ್ಪ ಕಚೇರಿಯಲ್ಲಿ ಕಾರಕೂನರಾಗಿದ್ದರು. ಮನೆಯಲ್ಲಿ ಎಲ್ಲರದೂ ಕನ್ನಡ. ಸಾಲಿ ಮರಾಠಿ, ಅದಕ್ಕೇ ಓದಲು ಬರೆಯಲು ಬರುವುದಿಲ್ಲ. ಅತ್ತೆ ಪ್ರತಿ ಉತ್ತರಕ್ಕೂ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು. ನಾನು ತಾಟಿನಲ್ಲಿ ಮುಖ ಹುದುಗಿಸಿ ಬದನೆಕಾಯಿ ಪಲ್ಯ ತಿನ್ನುತ್ತಿದ್ದೆ.

ಕೈ ತೊಳೆಯಲು ಇಬ್ಬರೂ ಬಾವಿಯ ಹತ್ತಿರದ ಕೊಳವೆಗೆ ಹೋದೆವು. ನಾನೇ ಕೇಳಿದೆ.

“ಇಷ್ಟ ದಿನ ಯಾಕ ಕನ್ನಡ ಮಾತಾಡಲಿಲ್ರಿ?”

“ನೀವ ಮೊದಲನೇ ದಿನಾ ಮರಾಠಿಯೊಳಗ ಮಾತಾಡಿಸಿದ್ರಿ. ಮರಾಠಿಯವರು ಅಂತ ತಿಳಕೊಂಡೆ.”

“ಮನಿಗಿ ಫೋನ್ ಮಾಡ್ತಿದ್ದೆನಲ್ಲ, ಕೇಳಿಲ್ಲೇನು?”

“ಶೆಡ್ಡಿನ್ಯಾಗ ನೆಟ್ವರ್ಕ್ ಎಲ್ಲಿ ಅದ್ರಿ? ನೀವು ಗೇಟಿಗಿ ಹೋಗ್ತಿದ್ರಿ. ನಾನೂ ಗೇಟಿಗೇ ಹೋಗ್ತಿದ್ದೆ.”

ಇಬ್ಬರೂ ಅದೇ ಗೇಟಿನ ಬಳಿ, ಬೇರೆ ಬೇರೆ ಹೊತ್ತಿನಲ್ಲಿ, ಒಂದೇ ಭಾಷೆಯಲ್ಲಿ ನಮ್ಮ ನಮ್ಮ ಅವ್ವಂದಿರಿಗೆ ಊಟ ಆಯ್ತು ಎಂದು ಹೇಳುತ್ತಿದ್ದೆವು.

“ಇವತ್ತ ಗಾಡಿ ಇಳಿದ ಕೂಡ್ಲೆ ಗೊತ್ತಾತಲ್ಲ. ಆಗರೆ ಹೇಳಬೇಕಿಲ್ಲ?”

“ಹೇಳಬೇಕಂತನ ಎದ್ದಿದ್ದೆ,” ಎಂದು ಅವನು ನೀರಿನ ಕಡೆ ನೋಡಿದ. “ಅಷ್ಟ್ರಾಗ ನಿಮ್ಮ ಅತ್ತಿ ಲಗ್ನ ಆಗ್ಯದೇನು ಅಂತ ಕೇಳಿದ್ರು. ನೀವು ಏನ ಹೇಳ್ತೀರಿ ಕೇಳೂಣು ಅಂತ ಕುಂತೆ.”

ನಾನು ಕೊಳವೆಯ ನೀರನ್ನು ಅವನ ಮೇಲೆ ಚಿಮ್ಮಿಸಿದೆ. ಅವನು ಕೈ ಮುಂದೆ ಮಾಡಿದ. “ಕೈ ಹಿಡದು ಎಳಕೊಂಡ ಹೋಗ್ತೀನಿ ಅಂದಿದ್ರಿ” ಎಂದ. ಎಳೆದುಕೊಂಡು ಹೋಗುವ ಅಗತ್ಯ ಬೀಳಲಿಲ್ಲ, ಅತ್ತೆ ಆಗಲೇ ಬೇವಿನ ಮರದ ಹಿಂದೆ ನಿಂತು ನಮ್ಮ ಅವ್ವನಿಗೆ ಫೋನ್ ಹಚ್ಚಿದ್ದಳು.

ತಿರುಗಿ ಬರುವಾಗ ದಾರಿಯುದ್ದಕ್ಕೂ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದೆವು. ವರ್ಷದ ಬಾಕಿಯನ್ನೆಲ್ಲ ಒಂದೇ ದಾರಿಯಲ್ಲಿ ತೀರಿಸುವವರಂತೆ, ಹೇಳಿದ್ದನ್ನೇ ಮತ್ತೆ ಹೇಳಿ ನಕ್ಕೆವು. ಮರಾಠಿಯಲ್ಲಿ ಕಡಿಮೆ ಮಾತಿನವನಾಗಿದ್ದವನು ಕನ್ನಡದಲ್ಲಿ ವಾಚಾಳಿ ಎಂದು ಆಗ ಗೊತ್ತಾಯಿತು. ಸರ್ ಕನ್ನಡಿಯಲ್ಲಿ ಹಿಂದೆ ನೋಡಿ ನೋಡಿ ಕಡೆಗೆ, ಯಂತ್ರ ಕಳೆದುಹೋದರೆ ನಗುತ್ತೀರಿ, ಸಿಕ್ಕರೂ ನಗುತ್ತೀರಿ, ಈ ಬಾವಿಯ ನೀರಿನಲ್ಲೇ ಏನೋ ಇದೆ ಎಂದರು.

ಅವನು ಮನೆಗೆ ಬಂದ ದಿನ ಅವ್ವ ಅವನನ್ನು ತನ್ನದೇ ರೀತಿಯಲ್ಲಿ ಪರೀಕ್ಷೆ ಮಾಡಿದಳು. ಬೇಡ ಬೇಡವೆಂದರೂ ಹೋಳಿಗೆಯ ಮೇಲೆ ಹೋಳಿಗೆ ಹಾಕಿದಳು. ನಾಲ್ಕನೆಯದಕ್ಕೆ ಅವನು ತಾಟಿನ ಮೇಲೆ ಎರಡೂ ಕೈ ಅಡ್ಡ ಇಟ್ಟು, “ಅತ್ತಿ, ನನ್ನ ಹೊಟ್ಟಿ ಏನ ಕಣಜ ಅಂತ ತಿಳದೀರೇನ್ರಿ? ಇನ್ನೊಂದು ಹಾಕಿದ್ರ ನಿಮ್ಮ ಮ್ಯಾಲ ಸಿಟ್ಟಾಗ್ತೀನಿ ನೋಡ್ರಿ” ಎಂದ. ಅವ್ವ ಒಳಗೆ ಬಂದು ನನ್ನ ಕಿವಿಯಲ್ಲಿ, “ಜಗಳಾಡಾಕ ಬರ್ತದ” ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಲಗ್ನದ ನಂತರದ ಚಳಿಗಾಲದಲ್ಲಿ ಸರ್ ಸೇರಿ ನಾವು ಮೂವರೂ ಯಂತ್ರ ತೆಗೆದುಕೊಂಡು ಕೊಂಕಣದ ದಂಡೆಗೆ ಹೋದೆವು. ಸಮುದ್ರದಲ್ಲಿ ಅದರ ಮೊದಲ ಪರೀಕ್ಷೆ. ಮೂವರೂ ಸಮುದ್ರ ನೋಡಿದ್ದು ಅದೇ ಮೊದಲು. ಒಂದು ದೋಣಿ ಬಾಡಿಗೆಗೆ ಹಿಡಿದು ಸ್ವಲ್ಪ ದೂರ ಹೋಗಿ ಯಂತ್ರ ಇಳಿಸಿದರೆ, ಅದು ಮುಳುಗಲೇ ಇಲ್ಲ. ಉಪ್ಪು ನೀರು ಸಿಹಿ ನೀರಿಗಿಂತ ಭಾರ, ಹೆಚ್ಚು ಎತ್ತಿ ಹಿಡಿಯುತ್ತದೆ, ಆದ್ದರಿಂದ ಯಂತ್ರಕ್ಕೆ ಹೆಚ್ಚಿನ ತೂಕ ಕಟ್ಟಬೇಕು. ಅದು ನಮಗೆ ಗೊತ್ತಿತ್ತು. ತೂಕದ ತುಂಡುಗಳನ್ನು ಲೆಕ್ಕ ಹಾಕಿ ಮಾಡಿಸಿಯೂ ಇದ್ದೆವು. ಆ ಚೀಲ ಚಿಂಚೋಳಿಯ ಶೆಡ್ಡಿನ ಬಾಗಿಲ ಹಿಂದೆ ಸುಖವಾಗಿ ಕೂತಿತ್ತು.

“ನೀ ತಂದಿ ಅಂತ ತಿಳಕೊಂಡೆ,” ಎಂದೆ.

“ನೀ ತಂದಿ ಅಂತ ನಾ ತಿಳಕೊಂಡೆ,” ಎಂದ.

ಪಂಖ ತಿರುಗುತ್ತಿತ್ತು, ನಮ್ಮ ಯಂತ್ರ ಅಲೆಯ ಮೇಲೆ ಬಾತುಕೋಳಿಯಂತೆ ದೋಣಿಯ ಸುತ್ತ ಸುತ್ತುತ್ತಿತ್ತು. ದೋಣಿಯವನು ಇದೇನಾ ನೀರಿನೊಳಗೆ ಹೋಗುವ ಯಂತ್ರ ಎಂದು ಮರಾಠಿಯಲ್ಲಿ ಕೇಳಿದ. ನಾವು ಕನ್ನಡದಲ್ಲಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾ, ಹಾಗೆ ಹೊರಿಸುತ್ತಲೇ ನಗುತ್ತಾ ಇದ್ದೆವು. ಕಡೆಗೆ ದೋಣಿಯವನೇ ತನ್ನ ಬಲೆಯ ಅಂಚಿನಿಂದ ಸೀಸದ ಗುಂಡುಗಳನ್ನು ಬಿಚ್ಚಿ ಕೊಟ್ಟ. ನನ್ನವನು ಅವನ್ನು ಒಂದೊಂದಾಗಿ ಯಂತ್ರದ ಹೊಟ್ಟೆಗೆ ಟೇಪು ಸುತ್ತಿ ಕಟ್ಟಿದ. ಒಂದೊಂದು ಗುಂಡಿಗೂ ಅದು ಸ್ವಲ್ಪ ಸ್ವಲ್ಪ ಇಳಿಯಿತು.

ಸರ್ ಇಷ್ಟೂ ಹೊತ್ತು ದೋಣಿಯ ಅಂಚಿಗೆ ಕೂತು ನೀರನ್ನೇ ನೋಡುತ್ತಿದ್ದರು. ಜೀವನವಿಡೀ ಯಾವ ಬೋರಿನ ನೀರು ಬಂದರೂ ಮೊದಲು ರುಚಿ ನೋಡಿದವರು. ಈಗಲೂ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಬಾಯಿ ಚಪ್ಪರಿಸಿ, “ಖಾರಂಚ ಆಹೇ” ಎಂದರು. ಉಪ್ಪೇ ಇದೆ. ಇಷ್ಟು ವರ್ಷ ಕೇಳಿದ್ದು ಸುಳ್ಳಾಗಿರಬಹುದು ಎಂಬ ಅನುಮಾನ ಕಡೆಗೂ ಬಗೆಹರಿದವರ ಸಮಾಧಾನ ಅವರ ದನಿಯಲ್ಲಿತ್ತು.

ಅಷ್ಟರಲ್ಲಿ ನಮ್ಮ ಹಳದಿ ಸೋರೆಕಾಯಿ ಮೂತಿ ತಗ್ಗಿಸಿತು, ಒಂದು ಅಲೆ ಅದರ ಮೇಲೆ ಹಾದುಹೋಯಿತು, ಮತ್ತೆ ನೋಡಿದರೆ ಅಲ್ಲಿ ಬರೀ ನೀರಿತ್ತು. ನಾನು ಪರದೆ ತೆರೆದು ಕೂತೆ. ಮೊದಲ ಸಾಲು ಬಿತ್ತು.